ಮೂರು ಮನೆಯ ಚಪ್ಪಡಿ

ಗಂಡ ಸುಬ್ರಮಣಿ ಬೆಂಗಳೂರಿನ ರೈಲಿಗೆಂದು ಮನೆ ಬಿಡುವಾಗ ಇನ್ನೂ ಬೆಳಕು ಹರಿದಿರುವುದಿಲ್ಲ. ಅವನ ಚಪ್ಪಲಿಯ ಸದ್ದು ಲೈನ್ ಮನೆಗಳ ಸಾಲಿನ ತುದಿ ದಾಟಿ, ಅಲ್ಲಿಯ ನಾಯಿ ಒಂದು ಸಲ ಬೊಗಳಿ ಸುಮ್ಮನಾಯಿತೆಂದರೆ ಅಂಬಿಕಳ ಮನೆಯಲ್ಲಿ ಆ ದಿನದ ಮಾತು ಮುಗಿದಂತೆ. ಮತ್ತೆ ಅವನು ಬಂದು ಕಾಲು ತೊಳೆದು ‘ಏನ್ ಸಾರು?’ ಎಂದು ಕೇಳುವಾಗ ಊರು ಮಲಗುವ ಹೊತ್ತು. ಆ ಎರಡರ ನಡುವೆ ಒಂದು ಇಡೀ ಹಗಲು ಇರುತ್ತದೆ. ಮಕ್ಕಳಾಗದ ಮನೆಯ ಹಗಲು ಎಷ್ಟು ಉದ್ದ ಎನ್ನುವುದು ಅದನ್ನು ಕಳೆದವರಿಗೇ ಗೊತ್ತು.

ಆ ಹಗಲನ್ನು ದಾಟಿಸುತ್ತಿದ್ದದ್ದು ಹಿತ್ತಲಿನ ಚಪ್ಪಡಿ.

ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲದ ಲೈನ್ ಮನೆಗಳು ಅವು. ಸಾಲಿನ ಕೊನೆಯ ಮೂರು ಮನೆಗಳಿಗೆ ಸೇರಿ ಹಿತ್ತಲಿನಲ್ಲಿ ಒಂದೇ ಸೆಪ್ಟಿಕ್ ಟ್ಯಾಂಕು. ಹಿಂದೆ ಇಡೀ ಲೈನಿಗೆ ಒಂದು ಕಡೆ ಕಕ್ಕಸಿನ ಸಾಲು ಇತ್ತಂತೆ. ಅದು ಬಿದ್ದುಹೋದ ಮೇಲೆ ಈ ಮೂರು ಮನೆಯವರು ಒಟ್ಟಾಗಿ ಗುಂಡಿ ತೋಡಿಸಿ, ಇಟ್ಟಿಗೆ ಕಟ್ಟಿಸಿ, ಮೇಲೆ ಕಾಂಕ್ರೀಟಿನ ಚಪ್ಪಡಿ ಮುಚ್ಚಿಸಿದ್ದರು. ಹಿತ್ತಲೆಲ್ಲ ಕಲ್ಲು, ಕೊರಕಲು, ಇಳಿಜಾರು. ಸಮವಾಗಿದ್ದ ಜಾಗವೆಂದರೆ ಆ ಚಪ್ಪಡಿಯೊಂದೇ. ಮೂರು ಮನೆಗೂ ಸೇರಿದ ನಲ್ಲಿಯೂ ಅದರ ಪಕ್ಕದಲ್ಲೇ ಇತ್ತು. ಹಾಗಾಗಿ ಬಟ್ಟೆ ಒಗೆಯುವ ಕಲ್ಲು ಅದರ ಮೇಲೇರಿತು, ಪಾತ್ರೆಯ ಬುಟ್ಟಿ ಬಂತು, ಅಕ್ಕಿ ಆರಿಸುವ ಮೊರ ಬಂತು. ಕೆಳಗೆ ಏನಿದೆ ಎನ್ನುವುದನ್ನು ಹೆಂಗಸರು ಮರೆತೇ ಬಿಟ್ಟಿದ್ದರು. ಮಧ್ಯದ ಚೌಕ ಮುಚ್ಚಳದ ಮೇಲೆ ಸೋಪಿನ ಡಬ್ಬಿ ಇಡುವುದು ರೂಢಿಯಾಗಿತ್ತು.

ಅಂಬಿಕ ಕ್ಯಾಸಂಬಳ್ಳಿ ಕಡೆಯ ಹಳ್ಳಿಯವಳು. ಗಂಡನಿಗೆ ರೈಲು ಹತ್ತಿರವಾಗಲಿ ಎಂದು ಇಲ್ಲಿಗೆ ಬಂದಾಗ ಅವಳಿಗೆ ಒಬ್ಬರ ಮುಖಪರಿಚಯವೂ ಇರಲಿಲ್ಲ. ಹಳ್ಳಿಯಲ್ಲಾದರೆ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅರ್ಧ ಊರನ್ನು ಮಾತಾಡಿಸಿ ಆಗಿರುತ್ತಿತ್ತು. ಇಲ್ಲಿ ಬಾಗಿಲು ತೆರೆದರೆ ಎದುರು ಲೈನಿನ ಹಿಂಗೋಡೆ. ಮೊದಮೊದಲು ಬಟ್ಟೆಯನ್ನೂ ಒಳಗೆ ಬಚ್ಚಲಲ್ಲೇ ಒಗೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆಯ ಪುಷ್ಪ ಗೋಡೆಯಾಚೆಯಿಂದ ಕೂಗಿದ್ದಳು: “ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬಾರಕ್ಕಾ ಆಚೆಗೆ, ನಾವೇನ್ ಕಚ್ಚಲ್ಲ!”

ಅವತ್ತಿನಿಂದ ಅಂಬಿಕಳ ದಿನ ಶುರುವಾಗುವುದು ಬಕೆಟ್ಟು ಚಪ್ಪಡಿಗೆ ತಾಗಿದ ಸದ್ದಿನಿಂದ. ಪುಷ್ಪ ಮೂವತ್ತು ದಾಟಿದ ಚುರುಕು ಹೆಂಗಸು. ಬಂಗಾರಪೇಟೆಯ ಅಂಗಡಿಯೊಂದಕ್ಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಗಂಡ ನರೇಶ್ ನಲ್ಲಿ-ಪೈಪಿನ ಕೆಲಸದವನು. ಒಬ್ಬಳೇ ಮಗಳು ಮೀನಾ, ಏಳನೇ ಕ್ಲಾಸು. ಆಚೆ ಕಡೆಯ ಮನೆ ಕನಕಮ್ಮನದು. ಗಣಿಯಲ್ಲಿ ದುಡಿದ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಗ ಸೊಸೆ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗುವವರು. ಮನೆಮಾತು ತಮಿಳು, ಆದರೆ ಬೈಯಬೇಕಾದಾಗ ತೆಲುಗು. “ಬೈಗ್ಳಕ್ಕೆ ತೆಲುಗೇ ಸರಿ ಕಣಮ್ಮಾ, ಬಾಯ್ ತುಂಬ್ಕೊಂಡ್ ಬತ್ತದೆ” ಎನ್ನುತ್ತಿದ್ದಳು.

ಪುಷ್ಪಳ ಕೈ ಸೋಪಿನಲ್ಲಿ ಇರುತ್ತಿದ್ದುದರಿಂದ ಮೀನಾಳ ಜಡೆ ಅಂಬಿಕಳ ಪಾಲಿಗೆ ಬಂತು. ಹುಡುಗಿ ಚಪ್ಪಡಿಯ ಅಂಚಿನಲ್ಲಿ ಬೆನ್ನು ತಿರುಗಿಸಿ ಕೂತು, ಬಾಯಲ್ಲಿ ರಿಬ್ಬನ್ನು ಕಚ್ಚಿಕೊಂಡೇ ಶಾಲೆಯ ಸುದ್ದಿ ಹೇಳುತ್ತಿದ್ದಳು. ಅಂಬಿಕ ಬೇಕೆಂದೇ ನಿಧಾನವಾಗಿ ಹೆಣೆಯುತ್ತಿದ್ದಳು.

ಬಟ್ಟೆ ಒಣಗಲು ಬಿದ್ದರೆ ಸಭೆ ಮುಗಿಯಿತು. ಪುಷ್ಪಳ ಮನೆಯಿಂದ ಹೊಲಿಗೆ ಮಿಷನ್ನಿನ ಸದ್ದು, ಕನಕಮ್ಮನ ಮನೆಯಿಂದ ಟೀವಿಯ ಸದ್ದು. ಒಮ್ಮೆ ಮಧ್ಯಾಹ್ನ ಅಂಬಿಕ ಸುಮ್ಮನೆ ಪುಷ್ಪಳ ಬಾಗಿಲಿಗೆ ಹೋಗಿ ಕೂತಿದ್ದಳು. ಪುಷ್ಪ ‘ಬಾರಕ್ಕಾ’ ಎಂದು ಮಿಷನ್ನು ನಿಲ್ಲಿಸಿದಳು, ಕಾಫಿ ಕೊಟ್ಟಳು, ನಗುತ್ತಲೇ ಮಾತಾಡಿದಳು. ಆದರೆ ಅವಳ ಕಣ್ಣು ಮತ್ತೆ ಮತ್ತೆ ಹೊಲಿಯದೆ ಬಿದ್ದಿದ್ದ ರವಿಕೆಗಳ ಕಡೆಗೆ ಹೋಗುವುದನ್ನು ನೋಡಿ ಅಂಬಿಕ ಲೋಟ ಖಾಲಿ ಮಾಡಿ ಎದ್ದುಬಂದಳು. ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗಿ ಕೂರುವುದು ಅವಳಿಂದ ಮತ್ತೆ ಆಗಲಿಲ್ಲ. ಚಪ್ಪಡಿಯ ಮೇಲಾದರೆ ಹಾಗಲ್ಲ. ಅಲ್ಲಿ ಎಲ್ಲರಿಗೂ ಕೆಲಸವಿರುತ್ತಿತ್ತು, ಯಾರೂ ಯಾರಿಗೂ ಭಾರವಲ್ಲ.

ಹಿಂದಿನ ವರ್ಷ ಕನಕಮ್ಮನ ಮನೆಯ ನೆಲದ ಕೆಲಸ ಮುಗಿದು ಸ್ವಲ್ಪ ಸಿಮೆಂಟು ಉಳಿದಾಗ, ಸೋಪಿನ ನೀರು ಸುತ್ತಲೂ ಹರಿದು ಕೆಸರಾಗುತ್ತದೆಂದು ಮೂವರೂ ಸೇರಿ ಚಪ್ಪಡಿಯ ಅಂಚಿಗೆ ಗೇಣೆತ್ತರದ ಕಟ್ಟೆ ಕಟ್ಟಿದ್ದರು. ನೀರು ಹೊರಗೆ ಹೋಗಲು ಮೂಲೆಯಲ್ಲೊಂದು ತೂತು ಬಿಟ್ಟರು. ಸೀರೆ ಎತ್ತಿ ಕಟ್ಟಿ, ಮುಖಕ್ಕೆಲ್ಲ ಸಿಮೆಂಟು ಮೆತ್ತಿಕೊಂಡು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ ದಿನ ಅದು. “ನೋಡ್ರೇ, ಕೋಟೆ ಕಟ್ಬಿಟ್ವಿ! ಇನ್ ರಾಜ ಬರೋದೊಂದೇ ಬಾಕಿ” ಎಂದಿದ್ದಳು ಪುಷ್ಪ. “ರಾಜ ಬಂದು ಕಕ್ಕಸ್ ಗುಂಡಿ ಮ್ಯಾಲ್ ಕೂತ್ಕಂತಾನಾ, ಮುಚ್ಚೇ ಬಾಯಿ” ಎಂದು ಕನಕಮ್ಮ ಹೇಳಿದ ಮೇಲಂತೂ ಅಂಬಿಕಳಿಗೆ ನಗು ತಡೆಯಲಾಗಲಿಲ್ಲ. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಈ ಬೇಸಿಗೆಯಲ್ಲಿ ಹಿತ್ತಲಿನ ಮೇಲುಗಡೆ ಹಳೆಯ ರಸ್ತೆಯ ಮೇಲೆಯೇ ಹೊಸ ಕಾಂಕ್ರೀಟು ಬಿತ್ತು. ರಸ್ತೆ ಎತ್ತರವಾಯಿತು, ಹಿತ್ತಲು ತಗ್ಗಾಯಿತು. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಮೂರೂ ಮನೆಯ ಕಕ್ಕಸಿನಲ್ಲಿ ಹಾಕಿದ ನೀರು ಕೆಳಗಿಳಿಯದೆ ಗುಳುಗುಳು ಎಂದು ಮೇಲಕ್ಕೇ ಬಂತು. ನರೇಶ್ ಟ್ಯಾಂಕು ಹೀರುವ ಗಾಡಿ ಕರೆಸಿದ. ಇನ್ನು ಮೂರು ವರ್ಷ ಯೋಚನೆ ಇಲ್ಲ ಎಂದುಕೊಂಡರು. ಮತ್ತೊಂದು ಮಳೆ ಬಂತು. ಟ್ಯಾಂಕು ಮತ್ತೆ ಭರ್ತಿ.

ಆಗ ಶುರುವಾಯಿತು ಅನುಮಾನ.

“ನಿಮ್ಮನೆ ಉಡುಗಿ ಬಕೀಟ್ಗಟ್ಲೆ ನೀರ್ ಉಯ್ತಾಳೆ ಪುಷ್ಪಾ. ಗೋಡೆ ಪಕ್ಕ ನಂಗೆ ಕೇಳ್ಸಲ್ವಾ?” ಎಂದಳು ಕನಕಮ್ಮ.

“ನಿಮ್ಮ ಸೊಸೆ ವಾಷಿಂಗ್ ಮಿಷನ್ ನೀರು ಎಲ್ಲಿಗ್ ಬಿಡ್ತಾಳೆ, ಅದ್ನ ಮೊದ್ಲು ಏಳಿ” ಎಂದಳು ಪುಷ್ಪ.

“ಅದ್ ಚರಂಡಿಗ್ ಓಯ್ತದೆ ಕಣೇ!”

“ಯಾರ್ ನೋಡವ್ರೆ?”

ಅಂಬಿಕ ಇಬ್ಬರ ನಡುವೆ ಬಟ್ಟೆ ಹಿಂಡುತ್ತ ಕೂತಿದ್ದಳು. ಅವಳಿಗೆ ಈ ಜಗಳವೂ ಬೇಕಾಗಿತ್ತು. ಸುಮ್ಮನಿರುವುದಕ್ಕಿಂತ ಜಗಳ ವಾಸಿ.

ನೀರು ಎಲ್ಲಿಂದ ಬರುತ್ತಿದೆ ಎನ್ನುವುದು ಅವಳಿಗೆ ತಿಳಿದದ್ದು ಒಂದು ಮಧ್ಯಾಹ್ನ. ಮಳೆ ಜೋರಾಗಿ ಹೊಡೆಯುತ್ತಿತ್ತು. ಪುಷ್ಪ ಮಿಷನ್ನಿನ ಮುಂದೆ, ಕನಕಮ್ಮ ಟೀವಿಯ ಮುಂದೆ. ಮಾಡಲು ಕೆಲಸವಿಲ್ಲದ ಅಂಬಿಕ ಮಾತ್ರ ಹಿತ್ತಲ ಬಾಗಿಲಲ್ಲಿ ನಿಂತು ಮಳೆ ನೋಡುತ್ತಿದ್ದಳು. ರಸ್ತೆಯ ನೀರು ಕೆಂಪಗೆ ಇಳಿಜಾರಿನಲ್ಲಿ ಇಳಿದು ಬಂತು. ನೇರ ಚಪ್ಪಡಿಗೆ ಬಂದು, ತಾವೇ ಕಟ್ಟಿದ ಕಟ್ಟೆಯನ್ನು ಮೇಲುಗಡೆಯಿಂದ ಹತ್ತಿ ಒಳಗೆ ತುಂಬಿಕೊಂಡಿತು. ಮೂಲೆಯ ತೂತಿಗೆ ಮಣ್ಣು ಕಸ ಕಚ್ಚಿತ್ತು. ಹೊರಗೆ ಹೋಗಲು ದಾರಿಯಿಲ್ಲದ ನೀರು ಚಿಕ್ಕ ಕೆರೆಯಂತೆ ನಿಂತು, ಮುಚ್ಚಳದ ಸುತ್ತ ಮೆಲ್ಲಗೆ ತಿರುಗತೊಡಗಿತು. ಸಂದಿಯಲ್ಲಿ ಗಾಳಿಗುಳ್ಳೆಗಳು ಏಳುತ್ತಿದ್ದವು. ಅವಳು ನೋಡುತ್ತ ನಿಂತಂತೆಯೇ ಆ ಕೆರೆ ಒಳಗೆ ಇಳಿದುಹೋಯಿತು, ಮತ್ತೆ ತುಂಬಿತು, ಮತ್ತೆ ಇಳಿಯಿತು. ಒಗೆಯುವ ಕಲ್ಲಿನ ಭಾರಕ್ಕೆ ಚಪ್ಪಡಿಯಲ್ಲೂ ಒಂದು ಬಿರುಕು ಬಿಟ್ಟಿತ್ತು. ಅಲ್ಲಿಯೂ ನೀರು ಜಾರುತ್ತಿತ್ತು.

ಓಡಿಹೋಗಿ ಪುಷ್ಪಳನ್ನು ಕೂಗಬೇಕೆಂದು ಅಂಬಿಕ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹೊಸಲಿನಾಚೆ ಒಂದು ಕಾಲು ಇಟ್ಟವಳು ಅಲ್ಲೇ ನಿಂತಳು.

ಹೇಳಿದರೆ ಏನಾಗುತ್ತದೆ? ಕಟ್ಟೆ ಒಡೆಯಬೇಕು. ಮುಚ್ಚಳ ಎತ್ತರಿಸಬೇಕು, ಸುತ್ತ ಮಣ್ಣೇರಿಸಿ ಇಳಿಜಾರು ಮಾಡಬೇಕು. ಒಗೆಯುವ ಕಲ್ಲು ಎತ್ತಬೇಕು. ಕಲ್ಲು ಹೋದರೆ ನಲ್ಲಿ ಅಲ್ಲಿ ಯಾಕೆ? ನರೇಶ್ ಆಗಲೇ ಎಷ್ಟು ಸಲ ಹೇಳಿರಲಿಲ್ಲ, ‘ಮನೆ ಮುಂದಕ್ಕೇ ಒಂದೊಂದ್ ಪೈಪ್ ಎಳ್ದು ಕೊಡ್ತೀನಿ, ಹಿತ್ಲು ಸಹವಾಸ ಬಿಡ್ರೀ’ ಎಂದು. ಪುಷ್ಪ ಪ್ರತಿ ಸಲ, ‘ಅಲ್ಲಿ ಚಪ್ಪಡಿ ಐತಲ್ಲ, ಅನ್ಕೂಲ’ ಎಂದು ತಳ್ಳಿಹಾಕುತ್ತಿದ್ದಳು. ಅವಳಿಗೆ ಅನುಕೂಲ ಅಷ್ಟೇ. ಅನುಕೂಲ ತಪ್ಪಿದರೆ ಮುಂದೆ ಒಗೆದುಕೊಳ್ಳುತ್ತಾಳೆ. ಕನಕಮ್ಮನಿಗೆ ಸೊಸೆಯ ಮಿಷನ್ನಿದೆ.

ಅಂಬಿಕ ಕಾಲನ್ನು ಒಳಗೆ ತೆಗೆದುಕೊಂಡಳು.

ಮಳೆ ನಿಂತ ಮೇಲೆ ಒಬ್ಬಳೇ ಹೋಗಿ, ಹಾಲಿನ ಕವರುಗಳನ್ನು ಸುರುಳಿ ಸುತ್ತಿ ಮುಚ್ಚಳದ ಸಂದಿಗೆ ತುರುಕಿದಳು. ಮೇಲೆ ಜೇಡಿಮಣ್ಣು ಮೆತ್ತಿದಳು. ಬಿರುಕಿಗೂ ಮೆತ್ತಿದಳು. ಮೂಲೆಯ ತೂತನ್ನು ಕಡ್ಡಿಯಿಂದ ಕೆದಕಿ ಬಿಡಿಸಿದಳು. ಹೀಗೇ ಸರಿಹೋಗಿಬಿಟ್ಟರೆ ಯಾರಿಗೂ ಹೇಳುವ ಅಗತ್ಯವೇ ಇಲ್ಲ ಎಂದುಕೊಂಡಳು. ಮುಂದಿನ ಮಳೆ ಮಣ್ಣನ್ನು ತೊಳೆದುಕೊಂಡು ಹೋಯಿತು. ಅವಳು ಮತ್ತೆ ಮೆತ್ತಿದಳು. ಮಳೆ ಮತ್ತೆ ತೊಳೆಯಿತು. ಆಕಾಶ ಕಪ್ಪಾದರೆ ಅವಳು ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಭಾನುವಾರ ಗಂಡನ ಮುಂದೆ ಮಾತು ತೆಗೆದಳು. “ಈ ಟ್ಯಾಂಕಿಗೆ ಮಳೆ ನೀರೇ ಓಗ್ತಾ ಐತೇನೋ ರೀ.”

ಸುಬ್ರಮಣಿ ಪಾಪದವನು, ವಾರವೆಲ್ಲ ರೈಲಿನಲ್ಲಿ ನಿಂತು ಬಂದ ಕಾಲು ಚಾಚಿ ಮಲಗಿದ್ದ. “ನರೇಶ್ ಅವ್ನಲ್ಲ, ಅವ್ನಿಗೇಳು” ಎಂದು ಮಗ್ಗುಲು ಬದಲಿಸಿದ.

ಆ ಹೊತ್ತಿಗೆ ಪುಷ್ಪಳೇ ರಿಪೇರಿಯ ಮಾತು ಎತ್ತಿದಳು. ಕನಕಮ್ಮನ ತಮ್ಮನ ಮಗ ಸೆಲ್ವರಾಜ್ ಬಂಗಾರಪೇಟೆಯಲ್ಲಿ ಗಾರೆ ಮೇಸ್ತ್ರಿ. ಅವನನ್ನು ಕರೆಸಿ, ಗುಂಡಿ ತೆಗೆಸಿ, ಒಳಗೆ ಏನಾಗಿದೆ ಎಂದು ನೋಡಿಸೋಣ ಎಂದಳು.

“ಈಗಾ? ಆಷಾಢ ಅಲ್ವೇನೇ ನಿಮ್ಗೆ? ಭೂಮಿ ಅಗೀತೀರಾ?” ಎಂದಳು ಕನಕಮ್ಮ.

“ಆಷಾಢ ಇನ್ನೇನ್ ಮುಗೀತದೆ. ಅಮಾಸೆ ಆದ ಮ್ಯಾಲೆ ಮಾಡ್ಸಣ.”

“ಅಮಾಸೆ ಆದ್ರೆ ನಿಮ್ಗಾಯ್ತು. ನಮ್ ತಮಿಳ್ರಿಗೆ ಆಡಿ ತಿಂಗ್ಳು ಅರ್ಧ ಅಂಗೇ ಇರ್ತದೆ. ಆಡೀಲಿ ಮಣ್ಣು ಮುಟ್ಟಲ್ಲ ನಾವು.”

“ಆಡಿ ಮುಗ್ಯೋ ಅಷ್ಟೊತ್ಗೆ ನಮ್ದು ಶ್ರಾವಣ! ವರಮಾಲಕ್ಷ್ಮಿ ಕೂರ್ಸೋ ಟೈಮಲ್ಲಿ ಕಕ್ಕಸ್ ಗುಂಡಿ ಬಾಯ್ ತೆಗ್ದು ಮಡಿಕ್ಕಳಾದಾ?”

“ಅಂಗಾದ್ರೆ ತಾಯಿ, ನಿನ್ ಪಂಚಾಂಗ ನನ್ ಪಂಚಾಂಗ ಎರಡ್ನೂ ಗುಂಡೀಗ್ ಆಕಣ, ಅದೇನಾರಾ ಕುಡ್ಕಂಡು ಖಾಲಿ ಮಾಡ್ತದಾ ನೋಡಣ” ಎಂದು ಕನಕಮ್ಮ ಕೈ ಮುಗಿದಳು. ಇಬ್ಬರೂ ನಕ್ಕುಬಿಟ್ಟರು.

“ಅಂಬಿಕಕ್ಕಾ, ನೀನೇನಂತೀಯ?” ಎಂದು ಪುಷ್ಪ ತಿರುಗಿದಳು.

ಅಂಬಿಕ ಮೀನಾಳ ಜಡೆಯಿಂದ ತಲೆ ಎತ್ತಲಿಲ್ಲ. “ದೊಡ್ಡೋರು ಮಾಡಿದ್ ಶಾಸ್ತ್ರ. ಮೂರ್ ಮನೆ ವಿಚಾರ. ಯಾಕ್ ಸುಮ್ನೆ ಮೀರೋದು? ಇನ್ನೊಂದ್ ತಿಂಗ್ಳು ಎಂಗೋ ತಳ್ಳಣ” ಎಂದಳು. ಅವಳ ಮನೆಯಲ್ಲಿ ಯಾವತ್ತೂ ಯಾರೂ ಅಷ್ಟು ಕಟ್ಟುನಿಟ್ಟಾಗಿ ಶಾಸ್ತ್ರ ನೋಡಿದವರಲ್ಲ.

ಹೀಗೆ ತಳ್ಳುವುದೇ ಆಯಿತು. ಕನಕಮ್ಮ ಎರಡು ಲೈನು ಆಚೆ ಇದ್ದ ತಂಗಿಯ ಮನೆಗೆ ಕೊಡೆ ಹಿಡಿದು ಹೋಗಿಬರುತ್ತಿದ್ದಳು. ಮಂಡಿ ನೋವಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೂತು ಏಳಬೇಕು. ಅಂಬಿಕ, ಪುಷ್ಪ ಬೆಳಕಾಗುವ ಮುಂಚೆ ಒಬ್ಬರಿಗೊಬ್ಬರು ಕಾವಲಾಗಿ ಜಾಲಿಯ ಮರೆಗೆ ಹೋಗಿಬರುತ್ತಿದ್ದರು. ಹೇಳಲು ನಾಚಿಕೆ, ಆದರೆ ಆ ಹೋಗಿಬರುವ ದಾರಿಯಲ್ಲಿ ಪುಷ್ಪಳ ಪಿಸುಮಾತು ಕೂಡ ಅಂಬಿಕಳಿಗೆ ಹಿತವಾಗಿತ್ತು.

ಮೀನಾಳಿಗೆ ಜ್ವರ ಬಂತು. “ಮಳೇಲಿ ನೆನ್ಕಂಡ್ ಬಂದವ್ಳೆ” ಎಂದು ಪುಷ್ಪ ಮಾತ್ರೆ ಕೊಟ್ಟಳು. ಎದ್ದು ಶಾಲೆಗೆ ಹೊರಟ ದಿನ ಹುಡುಗಿ ಜಡೆಗೆಂದು ಬಂದು ಕೂತಾಗ ಅಂಬಿಕ ಅವಳ ಮುಖ ನೋಡಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣು ಗುಳಿ ಬಿದ್ದಿದ್ದವು. ಒಳಗೆ ಹೋಗಿ ಒಂದು ಲೋಟ ನೀರುಮಜ್ಜಿಗೆಗೆ ಉಪ್ಪು ಹಾಕಿ ತಂದು ಕೊಟ್ಟಳು.

“ಬ್ಯಾಡ ಆಂಟಿ.”

“ಕುಡಿಯೇ ಕಂದಾ. ಜ್ವರದ ಬಾಯಿ, ತಂಪಾಗ್ತದೆ.”

“ಬ್ಯಾಡ.” ಹುಡುಗಿ ಲೋಟದ ಕಡೆ ನೋಡಿದಳು, ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿತು. ಮತ್ತೆ ಮುಖ ತಿರುಗಿಸಿಕೊಂಡಳು. “ಕುಡುದ್ರೆ ಓಗ್ಬೇಕಾಗ್ತದೆ.”

ಅಂಬಿಕಳಿಗೆ ತಕ್ಷಣ ಅರ್ಥವಾಗಲಿಲ್ಲ. “ಎಲ್ಲಿಗೆ?”

“ಅದೇ... ಮನೇದು ತುಂಬ್ಕೊಂಡದಲ್ಲ. ಜಾಲಿ ಅತ್ರ ನಾನ್ ಓಗಲ್ಲ. ಅಲ್ಲಿ ಅವತ್ತು ಯಾರೋ ನಿಂತಿದ್ರು.”

“ಇಸ್ಕೂಲಲ್ಲಿ?”

“ಅಲ್ಲಿ ಬಾಗ್ಲಿಗೆ ಚಿಲ್ಕ ಇಲ್ಲ.” ಮೀನಾ ರಿಬ್ಬನ್ನನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು. “ಬೆಳಿಗ್ಗೆ ಕುಡಿಯಲ್ಲ. ಊಟಕ್ಕೂ ಕುಡಿಯಲ್ಲ. ಕಾರ ಇದ್ರೆ ಸಾರ್ ಆಕ್ಸ್ಕಳಲ್ಲ. ಅಭ್ಯಾಸ ಆಗೋಗದೆ ಆಂಟಿ. ಉರಿ ಮಾತ್ರ ಆಗ್ತದೆ. ಅಮ್ಮಂಗ್ ಏಳ್ಬೇಡಿ, ಬೈತಾಳೆ.”

ಅಂಬಿಕಳ ಕೈ ಜಡೆಯ ನಡುವೆ ನಿಂತುಹೋಯಿತು. ದಿನಾ ಬೆಳಿಗ್ಗೆ ಇದೇ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಂತೆ ಹಿಡಿದು, ಬೈತಲೆ ತೆಗೆದು, ಬೇಕೆಂದೇ ನಿಧಾನ ಮಾಡುತ್ತ ಕೂತಿದ್ದಳು. ಈ ಮಗು ಬಾಯಾರಿಕೊಂಡೇ ತನ್ನ ಮುಂದೆ ಕೂತಿತ್ತು. ಮಳೆ ಶುರುವಾದಾಗಿನಿಂದ.

“ನಮ್ಮನೇಗ್ ಬಾ” ಎನ್ನಲು ಹೊರಟಳು. ಆದರೆ ಅವಳ ಮನೆಯದೂ ಅದೇ ಟ್ಯಾಂಕಿಗೇ ಅಲ್ಲವೇ.

“ಬಾ, ಕನಕಮ್ಮನ ತಂಗಿ ಮನೇಗ್ ಓಗಣ” ಎಂದು ಹುಡುಗಿಯ ಕೈ ಹಿಡಿದು ಎಬ್ಬಿಸಿದಳು. ಕರೆದುಕೊಂಡು ಹೋಗಿ, ಹೊರಗೆ ಕಾದು ನಿಂತು, ಬಂದ ಮೇಲೆ ಮಜ್ಜಿಗೆ ಕುಡಿಸಿ ಶಾಲೆಗೆ ಕಳಿಸಿದಳು. ಹುಡುಗಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಉಸಿರು ಬಿಡದೆ ಕುಡಿದಳು.

ಹಿಂದಿರುಗಿ ಹಿತ್ತಲಿಗೆ ಬಂದಾಗ ಹನಿ ಶುರುವಾಗಿತ್ತು. ಪುಷ್ಪ ಬಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಅಂಬಿಕ ಅಟ್ಟದ ಕೆಳಗಿದ್ದ ಹಾರೆ ತೆಗೆದುಕೊಂಡಳು. ಹಳ್ಳಿಯಲ್ಲಿ ಹೊಲದ ಕೆಲಸ ಮಾಡಿದ ಕೈ ಅದು. ಮೇಲುಗಡೆಯ ಕಟ್ಟೆಗೆ ಮೊದಲ ಏಟು ಹಾಕಿದಾಗ ಒಂದು ಚೂರೂ ಏಳಲಿಲ್ಲ. ಮೂರು ಜನ ಸೇರಿ ಅಷ್ಟು ಗಟ್ಟಿಯಾಗಿ ಕಟ್ಟಿದ್ದರು. ಎರಡನೆಯ ಏಟಿಗೆ ಬಿರಿಯಿತು.

ಸದ್ದಿಗೆ ಕನಕಮ್ಮ ಬಾಗಿಲಿಗೆ ಬಂದಳು. “ಅಡಿಪಾವಿ! ಏನೇ ಇದು? ಆಡಿ ಮುಗ್ದಿಲ್ಲ, ಭೂಮಿ ಅಗೀತಿದೀಯಾ?”

“ಭೂಮಿ ಮುಟ್ಟಿಲ್ಲ ಕನಕಮ್ಮಾ. ಸಿಮೆಂಟ್ ಮುಟ್ತಾ ಇದೀನಿ.”

“ನಾವ್ ಕಟ್ಟಿದ್ ಕಟ್ಟೆ ಕಣೇ ಅದು!”

“ಅದ್ಕೇ ಒಡೀತಿದೀನಿ. ಅಲ್ಲೇ ನಿಂತ್ಕಳಿ. ಮಳೆ ಬತ್ತದೆ, ನೋಡಿ.”

ಮಿಷನ್ನಿನ ಸದ್ದು ನಿಂತು ಪುಷ್ಪಳೂ ಬಂದಳು. ಮಳೆ ಸುರಿಯಿತು. ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು: ರಸ್ತೆಯ ಕೆಂಪು ನೀರು ಇಳಿದು ಬಂದು, ಇನ್ನೂ ಒಡೆಯದೆ ಉಳಿದಿದ್ದ ಅರ್ಧ ಕಟ್ಟೆಯೊಳಗೆ ನಿಂತು, ಮುಚ್ಚಳದ ಸುತ್ತ ತಿರುಗಿ, ಗುಳ್ಳೆ ಬಿಡುತ್ತ ಒಳಗೆ ಇಳಿಯುವುದನ್ನು.

“ಅಯ್ಯೋ ನಮ್ಮಪ್ಪಾ” ಎಂದಳು ಪುಷ್ಪ. “ಇಷ್ಟ್ ದಿನ ನಾವು ರೋಡ್ ನೀರ್ಗೆ ಮನೆ ಕಟ್ಕೊಟ್ಟಿದ್ವಾ?”

ಅಂಬಿಕ ನೆನೆಯುತ್ತ ನಿಂತೇ ಮೀನಾಳ ವಿಷಯ ಹೇಳಿದಳು. ಹುಡುಗಿ ಹೇಳಬೇಡ ಎಂದಿದ್ದರೂ ಹೇಳಿದಳು. ಪುಷ್ಪ ಮಳೆಯಲ್ಲೇ ಇಳಿದು ಬಂದು, ಅಂಬಿಕಳ ಕೈಯಿಂದ ಹಾರೆ ಕಿತ್ತುಕೊಂಡು, ಉಳಿದ ಕಟ್ಟೆಗೆ ಹೊಡೆಯತೊಡಗಿದಳು. ಅವಳು ಅಳುತ್ತಿದ್ದಳೋ ಮಳೆಯೋ ಗೊತ್ತಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕನಕಮ್ಮ, “ಆಡೀಲಿ ಪೂಜೆ ತಗಳೋ ದೇವಿಗೂ ಹೆಣ್ಮಕ್ಳ ಕಷ್ಟ ಗೊತ್ತಿರ್ತದೆ. ಸೆಲ್ವರಾಜಂಗೆ ಫೋನ್ ಮಾಡ್ತೀನಿ. ಆಡಿನೂ ಬ್ಯಾಡ ಆಷಾಢನೂ ಬ್ಯಾಡ” ಎಂದು ಒಳಗೆ ಹೋದಳು.

ಮಳೆ ಬಿಡುವು ಕೊಟ್ಟಾಗ ಸೆಲ್ವರಾಜ್ ಬಂದ. ಟ್ಯಾಂಕು ಖಾಲಿ ಮಾಡಿಸಿ, ನರೇಶನೂ ಅವನೂ ಸೇರಿ ಒಗೆಯುವ ಕಲ್ಲನ್ನು ಉರುಳಿಸಿದರು. ಮುಚ್ಚಳ ಎತ್ತುವಾಗ ಸಂದಿಯಿಂದ ಹಾಲಿನ ಕವರುಗಳು ಒಂದರ ಹಿಂದೊಂದು ಬಂದವು. ಸೆಲ್ವರಾಜ್ ಅವನ್ನು ಎಳೆದೆಳೆದು ರಾಶಿ ಹಾಕಿದ.

“ಯಾರಿದು ಇಷ್ಟೊಂದು ಕವರ್ ತುರುಕಿರಾದು?”

“ನಾನು” ಎಂದಳು ಅಂಬಿಕ.

“ನೋಡ್ರಪ್ಪಾ” ಎಂದಳು ಕನಕಮ್ಮ. “ನಾವಿಬ್ರೂ ನೀನು ನಾನು ಅಂತ ಕಿತ್ತಾಡ್ಕಂಡ್ ಕೂತಿದ್ವಿ. ಈ ತಾಯಿ ಒಬ್ಳೇ ಬಾಯ್ಬಿಡ್ದೆ ಮಳೇಲಿ ನೆಂದು ಮುಚ್ತಾ ಇದ್ಳು. ಎಂಥಾ ಮನ್ಸಮ್ಮಾ ನಿಂದು!”

“ನಮ್ಗೊಂದ್ ಮಾತ್ ಏಳ್ಬಾರ್ದಿತ್ತಾ ಅಕ್ಕಾ? ಒಬ್ಳೇ ಎಷ್ಟ್ ಪರದಾಡಿದೀಯ” ಎಂದು ಪುಷ್ಪ ಅವಳ ತೋಳು ಹಿಡಿದಳು.

ಅಂಬಿಕ ಬಾಯಿ ತೆರೆದಳು. ಹಾಗಲ್ಲ ಕಣೇ, ಎನ್ನಬೇಕಿತ್ತು. ಮುಚ್ಚಿದ್ದು ನೀರನ್ನಲ್ಲ, ವಿಷಯವನ್ನು, ಎನ್ನಬೇಕಿತ್ತು. ಪುಷ್ಪಳ ಕೈ ತೋಳಿನ ಮೇಲೆ ಬೆಚ್ಚಗಿತ್ತು. ಒಂದು ಮಾತು ಆಡಿದರೆ ಆ ಕೈ ಸರಿದುಹೋಗುತ್ತದೆ. ಆಡದಿದ್ದರೆ ಅದು ಹಿಡಿದಿರುವುದು ತನ್ನನ್ನಲ್ಲ, ಬೇರೆ ಯಾರನ್ನೋ. ಅವಳು ಸುಮ್ಮನೆ ತಲೆಯಾಡಿಸಿ, ಎಲ್ಲರಿಗೂ ಕಾಫಿ ಮಾಡಲು ಒಳಗೆ ಹೋದಳು.

ಕೆಲಸ ಚೆನ್ನಾಗಿಯೇ ಆಯಿತು. ಮುಚ್ಚಳದ ಸುತ್ತ ಇಟ್ಟಿಗೆ ಇಟ್ಟು ಮೊಣಕಾಲೆತ್ತರಕ್ಕೆ ಏರಿಸಿ ಗಾರೆ ಮೆತ್ತಿದರು. ಬಿರುಕಿಗೆ ಸಿಮೆಂಟು ತುಂಬಿದರು. ಸುತ್ತಲೂ ಮಣ್ಣು ಹಾಕಿ, ದಮ್ಮಸ್ಸು ಮಾಡಿ, ನೀರು ಯಾವ ಕಡೆಯಿಂದ ಬಂದರೂ ಜಾರಿಹೋಗುವಂತೆ ಇಳಿಜಾರು ಕೊಟ್ಟರು. ಮೇಲುಗಡೆ ಅಡ್ಡವಾಗಿ ಒಂದು ಕಾಲುವೆ ತೋಡಿ ರಸ್ತೆಯ ನೀರನ್ನು ಆಚೆಯ ಚರಂಡಿಗೆ ತಿರುಗಿಸಿದರು. ನಲ್ಲಿ ಅಲ್ಲಿರುವ ತನಕ ನೀರು ಚೆಲ್ಲುವುದು ತಪ್ಪುವುದಿಲ್ಲ ಎಂದು ಸೆಲ್ವರಾಜ್ ಹೇಳಿದ್ದೇ ತಡ, ನರೇಶ್ ಪೈಪು ತಂದು ಮೂರೂ ಮನೆಯ ಮುಂದಕ್ಕೆ ಒಂದೊಂದು ನಲ್ಲಿ ಎಳೆದುಕೊಟ್ಟ. ಒಗೆಯುವ ಕಲ್ಲು ಯಾರಿಗೆ ಎಂಬ ಮಾತು ಬಂತು. “ಅಂಬಿಕಕ್ಕಂಗೇ ಇರ್ಲಿ, ಅವ್ಳೇ ಅಲ್ವಾ ಕಷ್ಟಪಟ್ಟಿದ್ದು” ಎಂದು ಪುಷ್ಪ ಅದನ್ನು ಅವಳ ಮನೆಯ ಮುಂದಕ್ಕೆ ಉರುಳಿಸಿ ಹಾಕಿಸಿದಳು.

ಮತ್ತೆ ಮಳೆ ಬಂದಾಗ ಅಂಬಿಕ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಕೆಂಪು ನೀರು ಕಾಲುವೆಗೆ ಬಿದ್ದು, ಟ್ಯಾಂಕಿನ ಕಡೆ ತಿರುಗಿಯೂ ನೋಡದೆ ಹರಿದುಹೋಯಿತು. ಪುಷ್ಪಳ ಮನೆಯೊಳಗಿಂದ ಬಕೆಟ್ಟಿನ ನೀರು ಸುರ್ರೆಂದು ಇಳಿದುಹೋದ ಸದ್ದು ಕೇಳಿಸಿತು. ಎಲ್ಲೂ ಗುಳುಗುಳು ಇಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಅತ್ತ ಇತ್ತ ನೋಡಿದಳು. ಎರಡೂ ಮನೆಯ ಹಿತ್ತಲ ಬಾಗಿಲು ಮುಚ್ಚಿದ್ದವು. ಹಿತ್ತಲಿಗೆ ಬರಲು ಈಗ ಯಾರಿಗೂ ಕಾರಣವಿರಲಿಲ್ಲ.

ಮೀನಾಳ ಜಡೆ ಈಗ ಅವರ ಮನೆಯೊಳಗೇ, ಪುಷ್ಪಳ ಕೈಯಲ್ಲೇ ಆಗುತ್ತಿತ್ತು. ಶಾಲೆಗೆ ಹೋಗುವಾಗ ಹುಡುಗಿ ಅಂಬಿಕಳ ಬಾಗಿಲ ಮುಂದೆ ಹಾಯುತ್ತಿದ್ದಳು. ಮುಖದಲ್ಲಿ ಗೆಲುವು ಬಂದಿತ್ತು, ಬ್ಯಾಗಿನ ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ ಇತ್ತು. “ಬತ್ತೀನಿ ಆಂಟೀ” ಎಂದು ಕೈ ಬೀಸಿ ಓಡುತ್ತಿದ್ದಳು. ಆ ಮುಖ ನೋಡಿದಾಗ ಅಂಬಿಕಳಿಗೆ, ಹಾರೆ ಎತ್ತಿದ್ದು ಸರಿಯೇ, ಇನ್ನೂ ಮೊದಲೇ ಎತ್ತಬೇಕಿತ್ತು ಎನಿಸುತ್ತಿತ್ತು. ಹುಡುಗಿ ತಿರುವು ದಾಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು.

ಆಮೇಲೆ ಕಲ್ಲಿನ ಮುಂದೆ ಕೂತು ಬಟ್ಟೆ ಒಗೆಯುತ್ತಿದ್ದಳು. ಗಂಡನ ಎರಡು ಅಂಗಿ, ಒಂದು ಪ್ಯಾಂಟು, ತನ್ನದೊಂದು ಸೀರೆ, ಟವಲು. ಎದುರಿಗೆ ಆಚೆ ಲೈನಿನ ಗೋಡೆ. ಇಷ್ಟೇ ಬಟ್ಟೆಗೆ ಹಿತ್ತಲಿನಲ್ಲಿ ಇಡೀ ಬೆಳಗು ಹಿಡಿಯುತ್ತಿತ್ತು. ಇಲ್ಲಿ ಕೂತದ್ದೇ ತಡ, ಮುಗಿದುಹೋಗಿತ್ತು. ಬಿಸಿಲು ಇನ್ನೂ ಮೆಟ್ಟಿಲಿಗೂ ಬಂದಿರಲಿಲ್ಲ. ಅಂಬಿಕ ಎಲ್ಲವನ್ನೂ ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿದಳು. ಖಾಲಿ ಬಕೆಟ್ಟಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನಲ್ಲಿ ತಿರುಗಿಸಿ, ಈಗಷ್ಟೇ ಹರವಿದ್ದ ಟವಲನ್ನು ತಂತಿಯಿಂದ ಎಳೆದು, ಮತ್ತೊಮ್ಮೆ ನೀರಿಗೆ ಅದ್ದಿದಳು.